ಚಿನ್ನದ ಅದಿರು, ಆರ್ಸೆನಿಕ್ ಮತ್ತು ಕ್ಯಾನ್ಸರ್ ಕಾಂಡಕೋಶ

ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿ ಸಿಗುತ್ತದೆ. ಅದರ ಜೊತೆಯಲ್ಲೇ ಕಬ್ಬಿಣ, ಗಂಧಕ, ಆರ್ಸೆನಿಕ್ ಕೂಡಿದ ಆರ್ಸೆನೋಪೈರೈಟ್ ಎಂಬ ಖನಿಜವೂ ಇರುತ್ತದೆ. ಇಲ್ಲಿನ ಪ್ರಾಚೀನ ಗಣಿಗಳು ಸುಮಾರು 2,000 ವರ್ಷ ಹಳೆಯವು. ನಿಜಾಮರ ಆಳ್ವಿಕೆಯಲ್ಲಿ ಕೆಲಕಾಲ ನಡೆದು ನಿಂತಿದ್ದ ಗಣಿಗಾರಿಕೆಗೆ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿದ ಮೇಲೆ ಮತ್ತೆ ಜೀವ ಬಂತು.

ಈ ಖನಿಜದ ಆರ್ಸೆನಿಕ್ ನೀರಿಗೆ ಸೇರಿ ಜನರ ಮೈಮೇಲೆ ಏನು ಮಾಡಬಲ್ಲದೆಂಬುದು ಕೃಷ್ಣೆಯ ಆಚೆ, ಸುರಪುರ ಸೀಮೆಯ ಹಳೆಯ ಚಿನ್ನದ ಗಣಿಗಳ ಬಳಿ ಕಾಣಿಸಿತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷಿಸಿದ 59 ಕೊಳವೆಬಾವಿಗಳ ಪೈಕಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿತ್ತು. ಒಂದರಲ್ಲಿ 303 ಮೈಕ್ರೋಗ್ರಾಂ ಇತ್ತು. ತಪಾಸಣೆಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಆರ್ಸೆನಿಕ್ ವಿಷದ ಗುರುತುಗಳಿದ್ದವು.

ಆರ್ಸೆನಿಕ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಬಹಳ ಹಿಂದೆಯೇ ತಿಳಿದಿತ್ತು. ಆದರೆ ಬೆಳೆದ ಇಲಿಗಳಿಗೆ ಅದನ್ನು ಕೊಟ್ಟರೆ ಗಡ್ಡೆ ಸುಲಭವಾಗಿ ಹುಟ್ಟುತ್ತಿರಲಿಲ್ಲ. 2003ರಲ್ಲಿ ಅಮೆರಿಕದ ಮೈಕಲ್ ವಾಲ್ಕೆಸ್ ತಂಡ ಬಸುರಿ ಇಲಿಗಳಿಗೆ ಕೆಲವೇ ದಿನ ಆರ್ಸೆನಿಕ್ ನೀರು ಕುಡಿಸಿತು. ಮರಿಗಳು ದೊಡ್ಡವಾದ ಮೇಲೆ ಗಡ್ಡೆಗಳು ಕಾಣಿಸಿಕೊಂಡವು. ಅಷ್ಟು ಕಾಲ ಬದುಕುಳಿದು ಹಾನಿಯನ್ನು ಕಾಪಿಟ್ಟುಕೊಂಡಿರಬಲ್ಲವು, ತಮ್ಮನ್ನು ತಾವೇ ಮರುಸೃಷ್ಟಿಸಿಕೊಳ್ಳುತ್ತ ಬೇರೆ ಕೋಶಗಳನ್ನೂ ಹುಟ್ಟಿಸುವ ಕಾಂಡಕೋಶಗಳೇ ಎಂಬ ಅನುಮಾನಕ್ಕೆ ಇದು ಬಲ ಕೊಟ್ಟಿತು.

ಗಡ್ಡೆಯನ್ನು ಹುಟ್ಟಿಸಬಲ್ಲ ಇಂಥ ಕೋಶಗಳನ್ನು, ಅಂದರೆ ಕ್ಯಾನ್ಸರ್ ಕಾಂಡಕೋಶಗಳನ್ನು, ಹುಡುಕುವ ವಿಧಾನಗಳು ಅಷ್ಟರಲ್ಲಾಗಲೇ ರೂಪುಗೊಳ್ಳುತ್ತಿದ್ದವು. 1997ರಲ್ಲಿ ಟೊರಾಂಟೊದ ಬೊನೆ ಮತ್ತು ಡಿಕ್, ರಕ್ತಕ್ಯಾನ್ಸರಿನ ಕೋಶಗಳನ್ನು ಹೊರಮೈಯ ಪ್ರೋಟೀನುಗಳ ಆಧಾರದ ಮೇಲೆ ವಿಂಗಡಿಸಿ, ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಿಗೆ ಚುಚ್ಚಿದರು. ಒಂದು ಚಿಕ್ಕ ಗುಂಪಿನ ಕೋಶಗಳು ಮಾತ್ರ ರೋಗವನ್ನು ಮತ್ತೆ ಹುಟ್ಟಿಸಿದವು. 2003ರಲ್ಲಿ ಸ್ತನ ಕ್ಯಾನ್ಸರಿನಲ್ಲೂ ಹಾಗೆಯೇ ಆಯಿತು: ಆರಿಸಿದ ನೂರು ಕೋಶಗಳಿಂದ ಗಡ್ಡೆ ಬೆಳೆಯಿತು, ಉಳಿದ ಬಗೆಯವು ಹತ್ತಾರು ಸಾವಿರವಿದ್ದರೂ ಬೆಳೆಯಲಿಲ್ಲ.

ಇನ್ನೊಂದು ಪರೀಕ್ಷೆ ಗೋಳಗಳದ್ದು. ಸೀರಂ ಇಲ್ಲದ ದ್ರವದಲ್ಲಿ, ಕೋಶಗಳು ತಳಕ್ಕೆ ಅಂಟದ ತಟ್ಟೆಯಲ್ಲಿ, ಬಹುಪಾಲು ಕೋಶಗಳು ಸಾಯುತ್ತವೆ. ಕೆಲವು ಮಾತ್ರ ತೇಲುತ್ತಲೇ ವಿಭಜನೆಗೊಂಡು ಪುಟ್ಟ ಉಂಡೆಗಳಾಗುತ್ತವೆ. ಆ ಉಂಡೆಯನ್ನು ಬಿಡಿಬಿಡಿ ಕೋಶಗಳಾಗಿ ಒಡೆದು ಮತ್ತೆ ಬಿತ್ತಿದಾಗಲೂ ಉಂಡೆ ಕಟ್ಟಿದರೆ, ತನ್ನನ್ನು ತಾನೇ ಮರುಸೃಷ್ಟಿಸಿಕೊಳ್ಳುವ ಗುಣ ಅಲ್ಲಿದೆ ಎಂದರ್ಥ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ನಪೂರ್ಣಿ ರಂಗರಾಜನ್ ತಂಡ ಸ್ತನದ ಕಾಂಡಕೋಶಗಳನ್ನು ಇದೇ ರೀತಿ ಬೆಳೆಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿತು.

2010ರಲ್ಲಿ ಈ ಎರಡೂ ಪರೀಕ್ಷೆಗಳು ಆರ್ಸೆನಿಕ್ ಪ್ರಶ್ನೆಗೆ ಒದಗಿದವು. ಎರಿಕ್ ಟೋಕರ್ ಮತ್ತು ವಾಲ್ಕೆಸ್ ಮನುಷ್ಯರ ಪ್ರಾಸ್ಟೇಟ್ ಕಾಂಡಕೋಶಗಳನ್ನು ವಾರಗಟ್ಟಲೆ ಆರ್ಸೆನಿಕ್‌ನಲ್ಲಿ ಬೆಳೆಸಿದರು. ಅವು ತೇಲುವ ಗೋಳಗಳನ್ನು ಕಟ್ಟಿದವು, ಇಲಿಗಳಲ್ಲಿ ಉಗ್ರ ಗಡ್ಡೆಗಳಾದವು. 2012ರ ಹೊತ್ತಿಗೆ ಅದೇ ತಂಡ ಇನ್ನೂ ಕಳವಳಕಾರಿ ಸಂಗತಿಯನ್ನು ತೋರಿಸಿತು: ಆರ್ಸೆನಿಕ್‌ನಿಂದ ಕೆಟ್ಟ ಕೋಶಗಳು, ಪಕ್ಕದಲ್ಲಿದ್ದರೂ ತಮಗೆ ತಾಗದಿದ್ದ ಆರೋಗ್ಯವಂತ ಕಾಂಡಕೋಶಗಳನ್ನೂ ತಾವು ಸ್ರವಿಸುವ ವಸ್ತುಗಳಿಂದಲೇ ಕ್ಯಾನ್ಸರಿನ ಸ್ವಭಾವಕ್ಕೆ ತಿರುಗಿಸಬಲ್ಲವು.