ಪಾಲು ಮತ್ತು ಪೋಷಣೆ: ಬೌದ್ಧಿಕ ವೈಕಲ್ಯವುಳ್ಳವರ ವಸತಿಪಾಲನೆಯ ಚರಿತ್ರೆಯಲ್ಲಿ ಒಂದು ವಿಚಾರ

ಬೇಲೂರು ತಾಲ್ಲೂಕಿನ ಅರೇಹಳ್ಳಿ ಹೋಬಳಿ ಕಾಫಿ ತೋಟಗಳ ಸೀಮೆ. ಅಲ್ಲಿ ಮನೆತನದ ಆಸ್ತಿಯೆಂದರೆ ಬಹುಮಟ್ಟಿಗೆ ತೋಟವೇ. ಅದು ಒಡಹುಟ್ಟಿದವರಲ್ಲಿ ಹಂಚಿಹೋಗುವ ಕಾಲಕ್ಕೆ, ತನ್ನ ಪಾಲನ್ನು ತಾನೇ ನೋಡಿಕೊಳ್ಳಲಾರದ ಸೋದರನೋ ಸೋದರಿಯೋ ಇದ್ದಲ್ಲಿ, ಅವರು ಯಾರ ಮನೆಯಲ್ಲಿ ಇರತಕ್ಕದ್ದು, ಹೇಗೆ ಇರತಕ್ಕದ್ದು ಎಂಬ ಪ್ರಶ್ನೆ ಏಳುತ್ತದೆ. ಬೌದ್ಧಿಕ ವೈಕಲ್ಯವುಳ್ಳವರ ಪಾಲನೆಯ ಚರಿತ್ರೆಯನ್ನು ಆಸ್ಪತ್ರೆ ಮತ್ತು ಶಾಲೆಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ೨೦೧೧ರ ಜನಗಣತಿಯು ಭಾರತದಲ್ಲಿ ಇಂಥವರ ಸಂಖ್ಯೆಯನ್ನು ೧೫,೦೫,೬೨೪ ಎಂದು ಎಣಿಸಿತು; ಇಷ್ಟು ಜನಕ್ಕೆ ಸಾಲುವ ವಸತಿಗೃಹಗಳು ಈ ದೇಶದಲ್ಲಿ ಎಂದೂ ಇದ್ದುದಿಲ್ಲ. ಆದುದರಿಂದ ನಾವು ಈ ವಿಷಯವನ್ನು ಮನೆಯ ಕಡೆಯಿಂದ, ಎಂದರೆ ದಾಯವಿಭಾಗದ ಕಡೆಯಿಂದ, ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ನಡೆದುದು ಕ್ರಿ.ಶ. ೧೧೧೭ರಲ್ಲಿ. ಅದನ್ನು ನೆರವೇರಿಸಿದ ವಿಷ್ಣುವರ್ಧನನು ಆಗ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಾಂಡಲಿಕನಾಗಿದ್ದನು. ಅದೇ ಚಕ್ರವರ್ತಿಯ ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಕನ್ನಡನಾಡಿನಲ್ಲಿ ಹುಟ್ಟಿದ ಈ ಗ್ರಂಥವು ಮುಂದೆ ಭಾರತದ ಬಹುಭಾಗದಲ್ಲಿ ಹಿಂದೂ ದಾಯಕ್ರಮಕ್ಕೆ ಆಧಾರವಾಯಿತೆಂಬುದು ಸುವಿದಿತ. ದಾಯಕ್ಕೆ ಅನರ್ಹರಾದವರ ಸಾಲಿನಲ್ಲಿ ಸ್ಮೃತಿಯು ಕುಂಟ, ಕುರುಡ, ಉನ್ಮತ್ತ, ವಾಸಿಯಾಗದ ರೋಗಿ ಇವರೊಡನೆ ‘ಜಡ’ನನ್ನೂ ಹೇಳುತ್ತದೆ. ಹಿತಾಹಿತಗಳನ್ನು ನಿಶ್ಚಯಿಸಲು ಶಕ್ತನಲ್ಲದವನೇ ಜಡನೆಂದು ವ್ಯಾಖ್ಯಾನಕಾರನ ಅಭಿಪ್ರಾಯ. ಇವರೆಲ್ಲರೂ ನಿರಂಶಕರು, ಆದರೆ ಭರ್ತವ್ಯರು, ಪಾಲಿಲ್ಲ, ಅನ್ನವಸ್ತ್ರಗಳುಂಟು. ಇಂಥವನ ಮಗನು ದೋಷರಹಿತನಾಗಿದ್ದರೆ ಅವನಿಗೆ ಪಾಲು ಸಲ್ಲುತ್ತದೆ. ಹೆಣ್ಣುಮಕ್ಕಳನ್ನು ಮದುವೆಯಾಗುವತನಕ ಪೋಷಿಸತಕ್ಕದ್ದು.

ಈ ವಿಧಿಯನ್ನು ಕ್ರೂರವೆಂದು ತಳ್ಳಿಹಾಕುವುದು ಸುಲಭ. ನಾವು ಹಾಗೆ ಮಾಡಲಾರೆವು. ಪೋಷಣೆಯು ಇಲ್ಲಿ ಭಿಕ್ಷೆಯಲ್ಲ, ಬಾಧ್ಯತೆ; ಅನ್ನವಸ್ತ್ರಗಳನ್ನು ಕೊಡದವನು ಪತಿತನಾಗುತ್ತಾನೆಂದು ಮನುಸ್ಮೃತಿ ವಿಧಿಸುತ್ತದೆ. ಯೂರೋಪಿನ ಎಷ್ಟೋ ದೇಶಗಳಲ್ಲಿ ಇಂಥವರನ್ನು ದೂರದ ದೊಡ್ಡ ಆಶ್ರಮಗಳಿಗೆ ಸಾಗಿಸಿದ ಕಾಲದಲ್ಲಿಯೂ ನಮ್ಮಲ್ಲಿ ಅವರು ಮನೆಯಲ್ಲೇ ಉಳಿದುದಕ್ಕೆ ಬಡತನ, ಸಂಸ್ಥೆಗಳ ಅಭಾವಗಳಂತೆ ಈ ಬಾಧ್ಯತೆಯೂ ಪ್ರಾಯಶಃ ಒಂದು ಕಾರಣ. ಆದರೆ ಪಾಲಿಲ್ಲದೆ ಉಣ್ಣುವವನು ಮನೆಯವರ ಮನಸ್ಸನ್ನು ನೋಡಿಕೊಂಡು ಉಣ್ಣುತ್ತಾನೆ. ಉಣಿಸಬೇಕೆಂದು ಶಾಸ್ತ್ರ ಹೇಳಿತು. ಜಗಲಿಯಲ್ಲೋ ಪಂಕ್ತಿಯಲ್ಲೋ, ಮೊದಲೋ ಕೊನೆಗೋ ಎಂಬುದನ್ನು ಮನೆಗೆ ಬಿಟ್ಟುಕೊಟ್ಟಿತು. ಪಾಲನೆಯ ಗುಣವೆಂದು ಇಂದು ನಾವು ಕರೆಯುವುದು ಇದನ್ನೇ.

ಪಾಲಿನ ನಿಷೇಧವು ಬಹುಕಾಲ ಉಳಿಯಿತು. ಬ್ರಿಟಿಷ್ ಇಂಡಿಯಾದ ೧೯೨೮ರ ಕಾಯ್ದೆಯು ಕುರುಡ ಕುಂಟರಾದಿಯಾಗಿ ಉಳಿದವರ ಅನರ್ಹತೆಯನ್ನು ತೆಗೆದುಹಾಕಿದರೂ, ಹುಟ್ಟಿನಿಂದ ಬುದ್ಧಿವಿಕಲರಾದವರನ್ನು ಹೊರಗೇ ಇಟ್ಟಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ೨೮ನೆಯ ಪ್ರಕರಣವು ಮಾತ್ರ ರೋಗ, ದೋಷ, ಅಂಗವಿಕಾರ ಯಾವುದೂ ದಾಯಕ್ಕೆ ಅಡ್ಡಿಯಲ್ಲವೆಂದು ಸಾರಿತು. ನಿರಂಶಕನು ಅಂಶಕನಾದನು.

ಸಂಸ್ಥೆಗಳ ಕಥೆ ಬೇರೆ. ೧೯೧೨ರ ಕಾಯ್ದೆಯು ಬುದ್ಧಿಮಾಂದ್ಯನನ್ನೂ ಚಿತ್ತವಿಭ್ರಮೆಯುಳ್ಳವನನ್ನೂ ಒಂದೇ ಹೆಸರಿನಡಿ ತಂದಿತ್ತು. ಬೆಂಗಳೂರಿನ ಹುಚ್ಚರ ಆಸ್ಪತ್ರೆಯು ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆದು, ೧೯೭೪ರಲ್ಲಿ ನಿಮ್ಹಾನ್ಸ್‌ನಲ್ಲಿ ಸೇರಿಹೋಯಿತು. ೧೯೮೭ರ ಮಾನಸಿಕ ಆರೋಗ್ಯ ಕಾಯ್ದೆಯು ಬುದ್ಧಿಮಾಂದ್ಯವನ್ನು ಮಾನಸಿಕ ಕಾಯಿಲೆಯ ಲಕ್ಷಣದಿಂದ ಕೈಬಿಟ್ಟಿತು. ಇದು ನ್ಯಾಯವೇ; ಆದರೆ ಒಂದು ಬಾಗಿಲನ್ನು ಮುಚ್ಚಿದವರು ಇನ್ನೊಂದನ್ನು ಆಗಲೇ ತೆರೆಯಲಿಲ್ಲ.

ಈ ಎರಡರ ನಡುವೆ, ಮನೆಯೂ ಆಗಿ ಸಂಸ್ಥೆಯೂ ಆಗಿ, ೧೯೭೦ರಲ್ಲಿ ಬೆಂಗಳೂರಿನಲ್ಲಿ ಆಶಾನಿಕೇತನ ಆರಂಭವಾಯಿತು. ಫ್ರಾನ್ಸಿನಲ್ಲಿ ೧೯೬೪ರಲ್ಲಿ ಜಾನ್ ವಾನಿಯೆ ಸ್ಥಾಪಿಸಿದ ಲಾರ್ಷ್ ಬಳಗಕ್ಕೆ ಭಾರತದಲ್ಲಿ ಇದೇ ಮೊದಲ ಮನೆ. ವೈಕಲ್ಯವುಳ್ಳವರೂ ಇಲ್ಲದವರೂ ಒಂದೇ ಸೂರಿನಡಿ, ಒಂದೇ ಪಂಕ್ತಿಯಲ್ಲಿ ಬಾಳುವುದು ಅದರ ಕ್ರಮ. ಪಂಕ್ತಿಯ ಪ್ರಶ್ನೆಗೆ ಇಷ್ಟು ನೇರವಾದ ಉತ್ತರವನ್ನು ಬೇರೆಡೆ ಕಾಣುವುದು ಅಪೂರ್ವ. ಆದರೆ ವಾನಿಯೆ ಅನೇಕ ಸ್ತ್ರೀಯರನ್ನು ಲೈಂಗಿಕವಾಗಿ ಶೋಷಿಸಿದ್ದನೆಂದು ಬಳಗವೇ ನಡೆಸಿದ ವಿಚಾರಣೆಯು ೨೦೨೦ರಲ್ಲಿ ಪ್ರಕಟಪಡಿಸಿತು. ಆ ಸ್ತ್ರೀಯರು ವೈಕಲ್ಯವುಳ್ಳವರಾಗಿರಲಿಲ್ಲ; ಬೆಂಗಳೂರಿನ ಮನೆಯ ಬಗೆಗೆ ಇದರಿಂದ ಏನನ್ನೂ ಊಹಿಸತಕ್ಕದ್ದಲ್ಲ. ಸ್ಥಾಪಕನ ಕೀರ್ತಿಯು ಪಾಲನೆಯ ಗುಣಕ್ಕೆ ಪ್ರಮಾಣವಾಗದೆಂಬಷ್ಟು ಮಾತ್ರ ಇಲ್ಲಿ ನಮಗೆ ಪ್ರಸ್ತುತ.

ಹಾಗಾದರೆ ಪ್ರಮಾಣ ಯಾವುದು? ೧೯೯೯ರ ರಾಷ್ಟ್ರೀಯ ನ್ಯಾಸ ಕಾಯ್ದೆಯನ್ನು ಈ ದೃಷ್ಟಿಯಿಂದ ಓದುವುದು ಉಪಯುಕ್ತ. ಅದರಂತೆ ಪ್ರಾಪ್ತವಯಸ್ಕರಾದ ಬೌದ್ಧಿಕ ವೈಕಲ್ಯವುಳ್ಳವರಿಗೂ ಸ್ಥಳೀಯ ಸಮಿತಿಯು ಪೋಷಕನನ್ನು ನೇಮಿಸಬಹುದು. ಜಿಲ್ಲೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ವೈಕಲ್ಯವುಳ್ಳ ಒಬ್ಬ ವ್ಯಕ್ತಿ ಅದರ ಸದಸ್ಯರು. ಅರೇಹಳ್ಳಿಯ ಮನೆಗೆ ಈ ಸಮಿತಿ ಹಾಸನದಲ್ಲಿ. ನೇಮಕವಾದ ಆರು ತಿಂಗಳೊಳಗೆ ಪೋಷಕನು ಆಸ್ತಿಯ ಪಟ್ಟಿಯನ್ನು ಸಲ್ಲಿಸತಕ್ಕದ್ದು; ಪ್ರತಿ ಆರ್ಥಿಕ ವರ್ಷದ ಕೊನೆಯಿಂದ ಮೂರು ತಿಂಗಳೊಳಗೆ ಲೆಕ್ಕವನ್ನು ಒಪ್ಪಿಸತಕ್ಕದ್ದು. ತೋಟದ ಲೆಕ್ಕ ಹೀಗೆ ವರ್ಷಕ್ಕೊಮ್ಮೆ ಬರುತ್ತದೆ. ತೋಟದ ಒಡೆಯ ಎಲ್ಲಿ ಮಲಗಿದ, ಯಾರೊಡನೆ ಉಂಡ, ವರ್ಷದಲ್ಲಿ ಎಷ್ಟು ಸಲ ಜಾತ್ರೆಗೆ ಹೋಗಿಬಂದ ಎಂಬ ಲೆಕ್ಕವನ್ನು ಆ ಪ್ರಕರಣ ಕೇಳುವುದಿಲ್ಲ. ಎಂಟು ನೂರು ವರ್ಷಗಳ ಮೇಲೆ ಆಸ್ತಿ ಮತ್ತೆ ಮುಂದೆ, ಆಳು ಹಿಂದೆ!

೨೦೦೭ರಲ್ಲಿ ಭಾರತವು ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ ೧೯ನೆಯ ವಿಧಿಯು ಎಲ್ಲಿ, ಯಾರೊಡನೆ ಬಾಳಬೇಕೆಂಬ ಆಯ್ಕೆಯನ್ನು ವ್ಯಕ್ತಿಗೇ ಕೊಡುತ್ತದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ೫ನೆಯ ಪ್ರಕರಣವೂ ಸಮುದಾಯದಲ್ಲಿ ಬಾಳುವ ಹಕ್ಕನ್ನು ಒಪ್ಪುತ್ತದೆ. ನೆರವನ್ನು ಒದಗಿಸುವ ವಿಷಯದಲ್ಲಿ ಮಾತ್ರ ಸರ್ಕಾರವು ‘ಪ್ರಯತ್ನಿಸತಕ್ಕದ್ದು’ ಎಂಬಲ್ಲಿಗೆ ನಿಲ್ಲುತ್ತದೆ. ಪೋಷಕನು ಹಿಂಸಿಸಿದರೆ, ಕಡೆಗಣಿಸಿದರೆ ಅಥವಾ ಆಸ್ತಿಯನ್ನು ದುರುಪಯೋಗಪಡಿಸಿದರೆ ಅವನನ್ನು ತೆಗೆದುಹಾಕಲು ೧೯೯೯ರ ಕಾಯ್ದೆಯ ೧೭ನೆಯ ಪ್ರಕರಣ ಅವಕಾಶ ಕೊಟ್ಟಿದೆ. ಸಮಿತಿಗೆ ಅರ್ಜಿ ಸಲ್ಲಿಸಬಹುದಾದವರನ್ನು ಅದು ಹೆಸರಿಸುತ್ತದೆ: ತಂದೆ ಅಥವಾ ತಾಯಿ, ಬಂಧುಗಳು, ನೋಂದಾಯಿತ ಸಂಸ್ಥೆ. ಪೋಷಿತನ ಹೆಸರು ಆ ಸಾಲಿನಲ್ಲಿಲ್ಲ.