ತಾಮ್ರದ ಕೊಳವೆಯಲ್ಲಿ ಒಂದು ಚರಿತ್ರೆ

ನವಲಗುಂದ, ಕುಂದಗೋಳಗಳಲ್ಲಿ ಸ್ಪ್ಲಿಟ್ ಎ.ಸಿ. ಇರುವ ಕಟ್ಟಡದ ಹಿಂಬದಿಗೆ ಹೋಗಿ ನೋಡಿ. ತಾಮ್ರದ ಎರಡು ಕೊಳವೆಗಳಿವೆ. ಸಣ್ಣದರಲ್ಲಿ ಬಹುಮಟ್ಟಿಗೆ ದ್ರವವಾಗಿ ಒಳಹೋಗುವ ಶೀತಕ, ದೊಡ್ಡದರಲ್ಲಿ ಅನಿಲವಾಗಿ ಹೊರಬರುತ್ತದೆ.

ಮೊದಲಿನ ಶೀತಕಗಳಾದ ಅಮೋನಿಯ, ಗಂಧಕದ ಡೈಆಕ್ಸೈಡ್ ವಿಷಕಾರಿ. 1928ರಲ್ಲಿ ಥಾಮಸ್ ಮಿಡ್‌ಗ್ಲಿ ಕ್ಲೋರೊಫ್ಲೋರೊಕಾರ್ಬನ್ನುಗಳನ್ನು ಮುಂದಿಟ್ಟಾಗ ಸೋರಿಕೆಯ ಭಯ ಹೋಯಿತು. ಎಚ್ಚರವೂ ಹೋಯಿತೆನ್ನಿ! ಮುಂದೆ ಆರ್-22 ಬಳಸುವಾಗ, ಕೊಳವೆಯೊಳಗಿನ ಗಾಳಿಯನ್ನು ಹೊರದಬ್ಬಲು ಶೀತಕವನ್ನೇ ಹರಿಯಬಿಡುವುದು ರೂಢಿಯಾಯಿತು. ಇಂಥ ಅನಿಲಗಳ ಕ್ಲೋರಿನ್ ಓಝೋನ್ ಪದರವನ್ನು ಕೆಡಿಸೀತೆಂದು 1974ರಲ್ಲಿ ಮೊಲಿನಾ, ರೋಲೆಂಡ್ ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು.

ಇಂದಿನ ಆರ್-32ರಲ್ಲಿ ಕ್ಲೋರಿನ್ ಇಲ್ಲ. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಅದರ ತಾಪಕಾರಕ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 675 ಪಟ್ಟು. ಒತ್ತಡ ಹೆಚ್ಚು, ಸ್ವಲ್ಪ ಉರಿಯುವ ಗುಣವೂ ಉಂಟು. ಹಳೆಯ ರೂಢಿ ಇಲ್ಲಿ ಸಲ್ಲದು. ಬೆಸುಗೆ, ನಟ್ಟುಗಳನ್ನು ನೈಟ್ರೊಜನ್ ಒತ್ತಡದಲ್ಲಿ ಪರೀಕ್ಷಿಸಿ, ನಿರ್ವಾತ ಪಂಪಿನಿಂದ ಗಾಳಿ, ತೇವಗಳನ್ನು ಎಳೆದ ಮೇಲೆಯೇ ಕವಾಟ ತೆರೆಯಬೇಕು. ಹುಬ್ಬಳ್ಳಿಯಿಂದ ಬಂದ ಮೆಕ್ಯಾನಿಕ್ ಎಷ್ಟೇ ಅವಸರದಲ್ಲಿದ್ದರೂ ಪಂಪಿಗೆ ಅರ್ಧ ಗಂಟೆ ಕೊಡಿಸಿ.