ಆದವಾನಿ ಸೀಮೆಯ ಸಣ್ಣ ಲೆಕ್ಕಗಳು

ಹೊಲಕ್ಕೊಂದು ನಂಬರು, ರೈತನಿಗೊಂದು ಪಟ್ಟಾ ಎಂಬ ಪದ್ಧತಿ ಆದವಾನಿ ಸೀಮೆಗೆ ಬಂದದ್ದು ಕಂಪನಿ ಆಡಳಿತದ ಮೊದಲ ವರ್ಷಗಳಲ್ಲಿ. 1800ರಲ್ಲಿ ಆದವಾನಿಯೂ ಸೇರಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳಿಗೆ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರ್ ಆದ. 1802ರಲ್ಲಿ ಭೂಮಿಯ ಅಳತೆ ಶುರುವಾಯಿತು. ಅಳತೆಗೆ 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ 40 ಚೌಕಗಳಿಗೆ ಒಂದು ಎಕರೆ. ಕಂದಾಯ ಊರಿನ ಮೇಲಲ್ಲ, ಹೊಲದ ಮೇಲೆ. ಅದೂ ವರ್ಷ ವರ್ಷ ಜಮಾಬಂದಿಯಲ್ಲಿ ತೀರ್ಮಾನವಾಗಬೇಕು. ಒಂದು ಹೊಲದ ಬಗ್ಗೆ ಬರೆಯುವುದು ಒಂದೆರಡು ಸಾಲು. ಅಂಥ ಸಾಲುಗಳಿಗೆ ಮಾತ್ರ ಕೊನೆಯಿಲ್ಲ.

ಬರೆಯುವವನು ಕರಣಂ, ಮೈಸೂರು ಸೀಮೆಯಲ್ಲಾದರೆ ಶಾನುಭೋಗ. ಕನ್ನಡ ನಾಡಿನಲ್ಲಿ ಲೆಕ್ಕಕ್ಕೆ ಬಹುಕಾಲ ಬಳಕೆಯಲ್ಲಿದ್ದದ್ದು ಕಡತ: ಹುಣಸೆ ಬೀಜದ ಅಂಟಿಗೆ ಇದ್ದಿಲು ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಹಾಳೆ. ಬಳಪದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ವರ್ಷ ವರ್ಷ ಬದಲಾಗುವ ಲೆಕ್ಕಕ್ಕೆ ಇದು ಅನುಕೂಲ, ಲೆಕ್ಕ ತಿದ್ದುವವನಿಗೆ ಇನ್ನೂ ಅನುಕೂಲ. ಕರಣಿಕೆ ವಂಶಪಾರಂಪರ್ಯವಾದದ್ದರಿಂದ ಯಾವ ಮಡಿಕೆಯಲ್ಲಿ ಯಾರ ಹೊಲ ಎಂಬುದಕ್ಕೆ ಬೇರೆ ಸೂಚಿ ಬೇಕಿರಲಿಲ್ಲ. ಅವನ ನೆನಪೇ ಸೂಚಿ. ಅವನ ಅಧಿಕಾರದ ಬೇರೂ ಅಲ್ಲೇ ಇತ್ತು.

ಮನ್ರೋ ಹೊರಟ ಮೇಲೆ, 1808ರ ಸುಮಾರಿಗೆ, ಮದರಾಸಿನ ರೆವಿನ್ಯೂ ಬೋರ್ಡಿಗೆ ಈ ಸಣ್ಣ ಲೆಕ್ಕಗಳ ಗೊಡವೆ ಬೇಡವೆನಿಸಿತು. ಇಡೀ ಊರನ್ನೇ ಒಬ್ಬನಿಗೆ ಗುತ್ತಿಗೆ ಕೊಡಲಾಯಿತು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಕಚೇರಿಗೆ ಊರಿಗೊಂದೇ ಲೆಕ್ಕ ಉಳಿಯಿತು. ಆದರೆ ಮಳೆ ಕೈಕೊಟ್ಟಾಗ ಯಾರ ಹೊಲಕ್ಕೆ ಎಷ್ಟು ರಿಯಾಯಿತಿ ಎಂದು ನೋಡಲು ದಾರಿಯೇ ಇರಲಿಲ್ಲ. ಗುತ್ತಿಗೆದಾರರು ಬಾಕಿಬಿದ್ದರು, ರೈತರು ಹಿಂಡಿಹೋದರು. 1820ರಲ್ಲಿ ಮನ್ರೋ ಮದರಾಸಿನ ಗವರ್ನರ್ ಆಗುವ ಹೊತ್ತಿಗೆ ಹೊಲ ಹೊಲದ ಲೆಕ್ಕದ ಹಳೆಯ ಪದ್ಧತಿ, ರೈತವಾರಿ, ಮರಳಿ ಬರುತ್ತಿತ್ತು. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಅವನು ತೀರಿಕೊಂಡ.

ಮುಂದಿನ ಸರ್ವೆಗಳು ನಂಬರಿನಲ್ಲೇ ಹೊಲ ಹುಡುಕುವ ದಾರಿಯನ್ನೂ ಬರೆದವು. 112 ಒಡೆದರೆ 112/1, 112/2. ಎರಡನೆಯದು ಮತ್ತೆ ಒಡೆದರೆ 112/2ಎ, 112/2ಬಿ. ಅದೂ ಪಾಲಾದರೆ 112/2ಎ1. ತಾಲೂಕು, ಊರು, ನಂಬರು, ಪಾಲು ಎಂದು ಒಂದೊಂದೇ ಮೆಟ್ಟಿಲು ಇಳಿದರೆ ಸಾಕು, ಇಡೀ ದಫ್ತರ ತಿರುವಿಹಾಕಬೇಕಿಲ್ಲ. ಪ್ರತಿ ಸರ್ವೆ ನಂಬರಿಗೂ ಅಳತೆ ಪುಸ್ತಕದಲ್ಲಿ ಅದರದೇ ನಕ್ಷೆ.

ಕಂಪ್ಯೂಟರಿಗೂ ಸಣ್ಣ ಕಡತಗಳು, ಅಂದರೆ ಫೈಲುಗಳು, ಇದೇ ಕಾಟ ಕೊಟ್ಟಿವೆ. ಲಿನಕ್ಸ್‌ನ ಹಳೆಯ ಇಎಕ್ಸ್‌ಟಿ2 ವ್ಯವಸ್ಥೆಯಲ್ಲಿ ಒಂದು ಡೈರೆಕ್ಟರಿಯ ಹೆಸರುಗಳೆಲ್ಲ ಒಂದೇ ಉದ್ದ ಪಟ್ಟಿ. ಹೊಸ ಕಡತ ಸೇರಿಸುವ ಮುನ್ನ ಅದೇ ಹೆಸರು ಇದೆಯೇ ಎಂದು ಕೊನೆಯವರೆಗೂ ಓದಬೇಕು. ಹೀಗಾಗಿ ಕಡತಗಳು ಹತ್ತರಷ್ಟಾದರೆ ಅವನ್ನೆಲ್ಲ ಸೇರಿಸುವ ಕೆಲಸ ನೂರರಷ್ಟಾಗುತ್ತಿತ್ತು. 2002ರಲ್ಲಿ ಇಎಕ್ಸ್‌ಟಿ3ಗೆ ಕವಲು ಸೂಚಿ ಬಂದ ಮೇಲೆ ಹುಡುಕಾಟದ ಹೊರೆ ಇಳಿಯಿತು. ಜಾಗದ ನಷ್ಟ ಹಾಗೇ ಉಳಿಯಿತು: 4096 ಬೈಟಿನ ತುಂಡುಗಳಲ್ಲಿ ಹಂಚುವ ಡಿಸ್ಕಿನಲ್ಲಿ 300 ಬೈಟಿನ ಕಡತಕ್ಕೂ ಸಾಮಾನ್ಯವಾಗಿ ಒಂದಿಡೀ ತುಂಡು ಬೇಕು. ನೂರಾರನ್ನು ಒಂದೇ ಕಡತಕ್ಕೆ ತುರುಕಿದರೆ ಜಾಗ ಉಳಿಯುತ್ತದೆ, ಒಳಗಿನ ಒಂದನ್ನು ತಿದ್ದುವುದು ಕಷ್ಟವಾಗುತ್ತದೆ. ಊರಗುತ್ತಿಗೆಯಲ್ಲಿ ಆದದ್ದೂ ಅದೇ.

ಮತ್ತೆ ಹೊಲದ ಲೆಕ್ಕಕ್ಕೆ ಬಂದರೆ, 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಕರ್ನೂಲಿಗೆ ಸೇರಿದವು. ನಂಬರುಗಳು ಬದಲಾಗಲಿಲ್ಲ, ಮೇಲಿನ ಮೆಟ್ಟಿಲು ಮಾತ್ರ ಬದಲಾಯಿತು. 1984ರಲ್ಲಿ ಆಂಧ್ರ ಸರ್ಕಾರ ಕರಣಿಕೆಯನ್ನೇ ರದ್ದು ಮಾಡಿದಾಗ ನೆನಪಿನ ಸೂಚಿಯೂ ಹೋಯಿತು. ಮರುವರ್ಷ ದೊಡ್ಡ ತಾಲೂಕುಗಳು ಮಂಡಲಗಳಾಗಿ ಒಡೆದು, ಕೋಸಿಗಿ, ಕೌತಾಳಂ, ಮಂತ್ರಾಲಯಗಳಿಗೆ ಅವುಗಳದೇ ಕಚೇರಿ ಬಂತು. 2015ರಿಂದ ಊರಿನ ಹೊಲವಾರು ಲೆಕ್ಕವಾದ ಅಡಂಗಲ್ಲನ್ನು ‘ಮೀಭೂಮಿ’ ಜಾಲತಾಣದಲ್ಲಿ ನೋಡಬಹುದು.

2020ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ಆರಂಭವಾದ ಮರುಸರ್ವೆ, ಪಾಲಿನ ಬಾಲಗಳನ್ನು ಕತ್ತರಿಸಿ, ಪ್ರತಿ ತುಂಡಿಗೂ ಎಲ್‌ಪಿಎಂ (ಲ್ಯಾಂಡ್ ಪಾರ್ಸೆಲ್ ಮ್ಯಾಪ್) ಎಂಬ ಹೊಸ ನಂಬರು ಕೊಡುವ ಉದ್ದೇಶದ್ದು. ಎಷ್ಟೋ ಊರುಗಳಲ್ಲಿ ಹಲವು ರೈತರ ತುಂಡುಗಳು ಒಂದೇ ಜಂಟಿ ನಂಬರಿನಡಿ ಬಿದ್ದವು. ಅವನ್ನು ಬೇರ್ಪಡಿಸಿಕೊಡಿ ಎಂಬ ಅರ್ಜಿಗಳು ಕಚೇರಿಗಳಿಗೆ ಬರತೊಡಗಿದವು.